ಗಿರಣಿಯ ಅಂಗಳಕ್ಕೆ ಯಾವ ಮರ?

ಯಂತ್ರೋಪಕರಣ ಕೊಳ್ಳುವಾಗ ಮೂರು ಕಡೆ ದರ ವಿಚಾರಿಸುವ ನಾವು, ಅಂಗಳದ ಮರವನ್ನು ಮಾತ್ರ ಚಿತ್ರ ನೋಡಿ ಆರಿಸುತ್ತೇವೆ. ಅಮೆರಿಕದ ಕೆಂಪು ಓಕ್ ಅಂತಹ ಮನಸೆಳೆಯುವ ಚಿತ್ರಗಳಲ್ಲೊಂದು.

ಉತ್ತರ ಅಮೆರಿಕದ ಪೂರ್ವ ಭಾಗದ ಈ ವೃಕ್ಷವು 20ರಿಂದ 30 ಮೀಟರ್ ಎತ್ತರ ಬೆಳೆದು, ಶರತ್ಕಾಲದಲ್ಲಿ ಕೆಂಪೇರುವುದು ನಿಜ. ಆದರೆ ಆ ಬಣ್ಣ ಬರಲು ತಂಪು ರಾತ್ರಿಗಳು ಬೇಕು. ಬೀಜ ಮೊಳೆಯುವುದಕ್ಕೂ ಮೊದಲು ಚಳಿಗಾಲ ಕಳೆಯಬೇಕು. ಆಮ್ಲಗುಣದ, ನೀರು ಬಸಿದುಹೋಗುವ ಮಣ್ಣು ಅದಕ್ಕೆ ಹಿತ. ಸುಣ್ಣದಂಶವಿರುವ ಕಪ್ಪು ಮಣ್ಣಿನಲ್ಲಿ ಬೇರು ಕಬ್ಬಿಣಾಂಶವನ್ನು ಹೀರಲಾರದೆ ಎಲೆ ಹಳದಿಯಾಗುತ್ತದೆ. ಮಲೆಬೆನ್ನೂರಿನ ಬಿಸಿಲಿನಲ್ಲಿ ಇದಕ್ಕೆ ಹಣ ತೊಡಗಿಸುವುದು ಲಾಭದ ಮಾತಲ್ಲ.

ಹೆಸರಿನ ಗೊಂದಲವೂ ಉಂಟು. ನಮ್ಮಲ್ಲಿ ‘ಓಕ್’ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವುದು ಸಿಲ್ವರ್ ಓಕ್. ಅದು ಆಸ್ಟ್ರೇಲಿಯ ಮೂಲದ್ದು, ಓಕ್ ಕುಲಕ್ಕೆ ಸೇರಿದ್ದೇ ಅಲ್ಲ. ಕಾಫಿ ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಯೋಗ್ಯ. ಆದರೆ ಕೊಂಬೆಗಳು ಗಾಳಿಗೆ ಬೇಗ ಮುರಿಯುವುದರಿಂದ ತಗಡಿನ ಮಾಡಿನ ಪಕ್ಕಕ್ಕೆ ಸಲ್ಲದು.

ವಿದೇಶಿ ಮರವೇ ಬೇಡವೆಂದಲ್ಲ. 1908ರಲ್ಲಿ ಬೆಂಗಳೂರಿಗೆ ಬಂದ ಕ್ರುಂಬಿಗಲ್ ಅವರು ಅನೇಕ ವಿದೇಶಿ ಸಸ್ಯಗಳನ್ನು ತರಿಸಿದರು. ಅಲ್ಲಿ ನೆಲೆನಿಂತು ಹೂ ಸುರಿಸುವ ಟಬೂಬಿಯದಂಥವು ಉಷ್ಣವಲಯದ ಮರಗಳು.

ನಮ್ಮ ಕಡೆಗೆ ಹೊಂಗೆಯೇ ಲೇಸು. ಬರ, ಕ್ಷಾರ ಎರಡನ್ನೂ ತಾಳುತ್ತದೆ, ದಟ್ಟ ನೆರಳು ಕೊಡುತ್ತದೆ, ಬೀಜಕ್ಕೆ ಮಾರುಕಟ್ಟೆಯಿದೆ. ಆದರೆ ಎಲ್ಲಿ ನೆಡಬೇಕೆಂಬುದೇ ಮುಖ್ಯ. ಬೇಸಿಗೆ ಭತ್ತ ಒಣಗಿಸುವ ಹೊತ್ತಿಗೆ ಹೊಂಗೆಯ ಹೂ ರಾಶಿರಾಶಿಯಾಗಿ ಉದುರುವುದುಂಟು. ಆದ್ದರಿಂದ ಕಣದ ಅಂಚಿಗೆ ಬೇಡ, ಲಾರಿ ನಿಲ್ಲುವ ಜಾಗಕ್ಕೆ, ಹಮಾಲರು ವಿಶ್ರಮಿಸುವ ಕಡೆಗೆ ಇರಲಿ. ಮುಂಗಾರು ಬೆಳೆಯ ಭತ್ತ ಬರುವ ನವೆಂಬರ್-ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ನೆರಳು ಉತ್ತರಕ್ಕೆ ಚಾಚುತ್ತದೆ. ಮರದ ಸಾಲು ಕಣದಿಂದ ಉತ್ತರಕ್ಕಿದ್ದರೆ ಒಣಗುವ ಭತ್ತದ ಬಿಸಿಲು ತಪ್ಪದು. ದಕ್ಷಿಣಕ್ಕೋ ಪಶ್ಚಿಮಕ್ಕೋ ನೆಟ್ಟವರು ಪ್ರತಿ ವರ್ಷ ಒಣಗುವ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ. ಗೋಡೆಯಿಂದ ಐದಾರು ಮೀಟರ್ ದೂರ, ಮೂರಡಿ ಘನದ ಗುಂಡಿ, ಮುಂಗಾರಿನ ಆರಂಭ ಸೂಕ್ತ.

ನೆಡುವ ಮುನ್ನ ಕಾನೂನನ್ನೂ ನೋಡಿಕೊಳ್ಳತಕ್ಕದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಖಾಸಗಿ ಆವರಣದ ಮರ ಕಡಿಯಲೂ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್ ಮುಂತಾದವಕ್ಕೆ ವಿನಾಯಿತಿಯಿದೆ. ಉಳಿದವುಗಳ ಬಗ್ಗೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯನ್ನು ವಿಚಾರಿಸಬಹುದು.