ಬಡವರ ಬಾಡಿಗೆಗೆ ಊರಿನ ನೆರವು

ಗೃಹಕೃತ್ಯವನ್ನು ನಡೆಸುವವರೆಲ್ಲರಿಗೂ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ತಿಂಗಳ ವೆಚ್ಚದಲ್ಲಿ ತುಪ್ಪವನ್ನು ಕಡಮೆ ಮಾಡಬಹುದು, ಹೊಸ ಬಟ್ಟೆಯನ್ನು ಮುಂದಿನ ಹಬ್ಬಕ್ಕೆ ತಳ್ಳಬಹುದು. ಮನೆಯ ಬಾಡಿಗೆಯನ್ನು ಮಾತ್ರ ಕಡಮೆ ಮಾಡುವಂತಿಲ್ಲ, ತಳ್ಳುವಂತೆಯೂ ಇಲ್ಲ. ಬಾಡಿಗೆ ತಪ್ಪಿದರೆ ಸೂರು ತಪ್ಪುವುದು. ಸೂರು ತಪ್ಪಿದರೆ ಮಕ್ಕಳ ಪಾಠವೂ ಹಿರಿಯರ ಉದ್ಯೋಗವೂ ತಪ್ಪುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಐಶ್ವರ್ಯಕ್ಕೆ ಹೆಸರಾದ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿಯೂ ಈ ಕಷ್ಟವುಂಟು. ಅದನ್ನು ತಗ್ಗಿಸುವುದಕ್ಕಾಗಿ ಅಲ್ಲಿನ ಸ್ಥಳೀಯ ಕಚೇರಿಗಳು ನಡೆಸುತ್ತಿರುವ ಏರ್ಪಾಡೊಂದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

೧೯೩೭ರ ವಸತಿ ಶಾಸನದಂತೆ ಆ ದೇಶದಲ್ಲಿ ಮೊದಲು ಕೇಂದ್ರ ಸರಕಾರದ ದ್ರವ್ಯಸಹಾಯದಿಂದ ಊರಿನ ವಸತಿ ಮಂಡಲಿಗಳೇ ಬಡವರಿಗಾಗಿ ಮನೆಗಳನ್ನು ಕಟ್ಟಿಸಿದವು. ಕಾಲಕ್ರಮದಲ್ಲಿ ಆ ಮನೆಗಳ ಬಾಡಿಗೆಯೂ ಬಡವರಿಗೆ ಭಾರವಾಗಲು, ಸೆನೆಟ್ ಸಭೆಯ ಸದಸ್ಯರಾಗಿದ್ದ ಎಡ್ವರ್ಡ್ ಬ್ರೂಕ್ ಅವರ ತಿದ್ದುಪಡಿಯ ಮೂಲಕ ೧೯೬೯ರಲ್ಲಿ ಒಂದು ಮಿತಿ ಏರ್ಪಟ್ಟಿತು: ಬಾಡಿಗೆಯು ಕುಟುಂಬದ ವರಮಾನದ ನಾಲ್ಕನೆಯ ಒಂದು ಪಾಲನ್ನು ಮೀರಕೂಡದು. ೧೯೮೧ರಲ್ಲಿ ಈ ಮಿತಿಯನ್ನು ನೂರಕ್ಕೆ ೩೦ಕ್ಕೆ ಏರಿಸಲಾಯಿತು. ಈ ನಡುವೆ ೧೯೭೪ರ ಶಾಸನವು ಹೊಸ ಹಾದಿಯೊಂದನ್ನು ತೆರೆದಿತ್ತು. ಸರಕಾರವೇ ಕಟ್ಟಿಸುವುದಕ್ಕೆ ಬದಲು, ಬಡ ಕುಟುಂಬವು ಖಾಸಗಿ ಮನೆಯನ್ನು ಹಿಡಿದು, ತನ್ನ ಶಕ್ತಿಗೆ ಮೀರಿದ ಬಾಡಿಗೆಯನ್ನು ಸರಕಾರದಿಂದ ಪಡೆಯುವುದೇ ಆ ಹಾದಿ. ೧೯೯೮ರ ಶಾಸನದಿಂದ ಇದು ಈಗಿನ ‘ವೌಚರ್’ ಎಂಬ ಚೀಟಿಯ ಪದ್ಧತಿಯಾಯಿತು. ಇಂದು ಸುಮಾರು ೨,೦೦೦ ಸ್ಥಳೀಯ ಕಚೇರಿಗಳ ಮೂಲಕ ೨೦ ಲಕ್ಷಕ್ಕೂ ಹೆಚ್ಚು ಕುಟುಂಬಗಳು ಈ ನೆರವನ್ನು ಪಡೆಯುತ್ತಿವೆ.

ಲೆಕ್ಕದ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಬ್ಬರು ಮಕ್ಕಳ ತಾಯಿಯೊಬ್ಬಳ ತಿಂಗಳ ವರಮಾನ, ಸಲ್ಲತಕ್ಕ ವಜಾಗಳೆಲ್ಲ ಕಳೆದು, ೧,೫೦೦ ಡಾಲರು ಎಂದಿಟ್ಟುಕೊಳ್ಳೋಣ. ಅವಳ ಪಾಲು ನೂರಕ್ಕೆ ೩೦ರಂತೆ ೪೫೦ ಡಾಲರು. ಆ ಅಳತೆಯ ಮನೆಗೆ ಕಚೇರಿಯು ಗೊತ್ತುಮಾಡಿದ ಮಿತಿ ೧,೪೦೦ ಡಾಲರಾಗಿದ್ದು, ದೀಪ, ನೀರು, ಒಲೆಯ ವೆಚ್ಚ ಸೇರಿ ಮನೆಯ ಬಾಡಿಗೆ ೧,೩೦೦ ಆದರೆ, ಉಳಿದ ೮೫೦ ಡಾಲರು ಕಚೇರಿಯ ಪಾಲು. ಬಾಡಿಗೆ ೧,೫೦೦ ಆದರೆ ಮಿತಿಯ ಮೇಲಿನ ೧೦೦ ಡಾಲರನ್ನೂ ಅವಳೇ ತೆರಬೇಕು. ಆದರೆ ಹೊಸದಾಗಿ ಮನೆ ಹಿಡಿಯುವಾಗ ಮಿತಿಯನ್ನು ಮೀರಿದ ಬಾಡಿಗೆಗೆ ಒಪ್ಪುವುದಾದರೆ, ಅವಳ ಪಾಲು ವರಮಾನದಲ್ಲಿ ನೂರಕ್ಕೆ ೪೦ನ್ನು ದಾಟಲಾಗದು. ಕಚೇರಿಯು ತನ್ನ ಪಾಲನ್ನು ನೇರವಾಗಿ ಮನೆಯ ಒಡೆಯನಿಗೇ ಸಲ್ಲಿಸುತ್ತದೆ.

ಹಣ ಕೊಡುವುದಕ್ಕೆ ಮೊದಲು ಕಚೇರಿಯ ತನಿಖೆಗಾರನು ಮನೆಯನ್ನು ನೋಡಿಬರುತ್ತಾನೆ. ನೀರು, ಶೌಚ, ವಿದ್ಯುತ್ತು, ಚಳಿಗಾಲದ ಕಾವು ಇವೆಲ್ಲ ಸರಿಯಾಗಿರಬೇಕು. ೧೯೭೮ಕ್ಕೆ ಹಿಂದೆ ಕಟ್ಟಿದ ಮನೆಯಲ್ಲಿ ಆರು ವರ್ಷದೊಳಗಿನ ಮಗುವಿರುವುದಾದರೆ, ಸೀಸ ಬೆರೆತ ಹಳೆಯ ಬಣ್ಣವು ಸುಲಿದಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಆ ಧೂಳು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಗೆ ವಿಷಪ್ರಾಯವಾದುದು.

ಇಷ್ಟು ಕೇಳಿದರೆ ಎಲ್ಲವೂ ಸುಗಮವೆಂದು ತೋರಬಹುದು. ನಿಜವಾದ ಸಂಕಟವು ಕಚೇರಿಯ ಬಾಗಿಲಿನಲ್ಲಿಯೇ ಕಾದಿರುತ್ತದೆ. ಈ ನೆರವು ಅರ್ಹರಾದವರೆಲ್ಲರಿಗೂ ದೊರೆಯತಕ್ಕ ಹಕ್ಕಲ್ಲ. ಶಾಸನಸಭೆಯು ಆಯಾ ವರ್ಷ ಮಂಜೂರು ಮಾಡಿದ ಹಣವಿರುವವರೆಗೆ ಮಾತ್ರ. ಆ ದೇಶದಲ್ಲಿ ವಸತಿಯ ನೆರವಿಗೆ ಅರ್ಹವಾದ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಅದು ದೊರೆಯುತ್ತಿದೆ. ಅನೇಕ ಊರುಗಳಲ್ಲಿ ಸರದಿಯ ಪಟ್ಟಿಯು ವರ್ಷಗಟ್ಟಲೆ ಮುಚ್ಚಿದ್ದು, ತೆರೆದಾಗ ಕೆಲವೇ ದಿನ ಅರ್ಜಿಗಳನ್ನು ಸ್ವೀಕರಿಸುತ್ತಾರೆ. ಕೆಲವು ಕಡೆ ಚೀಟಿ ಎತ್ತಿ ಸರದಿಯನ್ನು ಗೊತ್ತುಮಾಡುವುದೂ ಉಂಟು. ಹೊಸದಾಗಿ ಸೇರಿಸಿಕೊಳ್ಳುವ ನೂರರಲ್ಲಿ ೭೫ ಮಂದಿಯಾದರೂ ಕಡುಬಡವರಾಗಿರಬೇಕೆಂಬುದು ನಿಯಮ. ಎಲ್ಲರೂ ಬಡವರಾಗಿರುವಲ್ಲಿ ಯಾರಿಗೆ ಮೊದಲು ಕೊಡಬೇಕು? ಬೀದಿಪಾಲಾದವರಿಗೋ, ವೃದ್ಧರಿಗೋ, ಅಂಗವಿಕಲರಿಗೋ? ಇದನ್ನು ನಿರ್ಣಯಿಸುವ ಭಾರವು ಬಹುಮಟ್ಟಿಗೆ ಸ್ಥಳೀಯ ಅಧಿಕಾರಿಗಳ ಹೆಗಲ ಮೇಲಿದೆ.

ಸರದಿ ಬಂದ ಮೇಲೂ ನೆಮ್ಮದಿಯಿಲ್ಲ. ಚೀಟಿ ಕೈಗೆ ಬಂದಂದಿನಿಂದ ಮನೆ ಹುಡುಕುವುದಕ್ಕೆ ಖಂಡಿತವಾಗಿ ದೊರೆಯುವ ಕಾಲ ೬೦ ದಿನ. ಹೆಚ್ಚಿನ ಗಡುವು ಕಚೇರಿಯ ದಯೆಗೆ ಸೇರಿದ್ದು. ಚೀಟಿಯವರೆಂದರೆ ಬಾಗಿಲು ಹಾಕುವ ಒಡೆಯರು ಹಲವರು. ಅನೇಕ ಸಂಸ್ಥಾನಗಳೂ ನಗರಗಳೂ ಇದನ್ನು ನಿಷೇಧಿಸಿದ್ದರೂ ದೇಶಕ್ಕೆಲ್ಲ ಅನ್ವಯಿಸುವಂತಹ ನಿಷೇಧವಿಲ್ಲ. ವರ್ಷಗಟ್ಟಲೆ ಕಾದು ಪಡೆದ ಚೀಟಿಯು ಮನೆ ಸಿಕ್ಕದೆ ವ್ಯರ್ಥವಾಗುವ ತಾಯಿಯ ದುಃಖವನ್ನು ಊಹಿಸಿಕೊಳ್ಳಬಹುದು. ಆದಕಾರಣ ಒಳ್ಳೆಯ ಕಚೇರಿಯು ಚೀಟಿ ಹಂಚಿ ಸುಮ್ಮನಾಗುವುದಿಲ್ಲ. ಒಡೆಯರನ್ನು ಕಂಡು ಮಾತನಾಡುತ್ತದೆ, ತನಿಖೆಯನ್ನು ತಡಮಾಡದೆ ಮುಗಿಸುತ್ತದೆ, ತಿಂಗಳ ಹಣವನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸುತ್ತದೆ. ಒಡೆಯನ ನಂಬಿಕೆ ಕೆಟ್ಟರೆ ಅದರ ಫಲವನ್ನುಣ್ಣುವವಳು ಮುಂದೆ ಬರುವ ಬಡವಿ.

ನೆರವು ಸೋಮಾರಿತನಕ್ಕೆ ಎಡೆಗೊಡದೇ ಎಂದು ಕೇಳುವವರುಂಟು. ಸಂಪಾದನೆ ಹೆಚ್ಚಿದಂತೆ ಬಾಡಿಗೆಯ ಪಾಲೂ ಹೆಚ್ಚುವುದರಿಂದ ಈ ಶಂಕೆಯು ನಿರಾಧಾರವಲ್ಲ. ಇದಕ್ಕಾಗಿ ೧೯೯೦ರಲ್ಲಿ ಒಂದು ಉಪಾಯವನ್ನು ಶಾಸನವಾಗಿ ಮಾಡಿದರು. ಅದಕ್ಕೆ ಸೇರಿದ ಕುಟುಂಬದ ದುಡಿಮೆಯು ಹೆಚ್ಚಿ ಬಾಡಿಗೆಯ ಪಾಲು ಏರಿದಾಗ, ಆ ಏರಿಕೆಗೆ ಅನುಗುಣವಾದ ಹಣವನ್ನು ಕಚೇರಿಯು ಕುಟುಂಬದ ಹೆಸರಿನಲ್ಲಿ ಠೇವಣಿಯಿಡುತ್ತದೆ. ಸಾಮಾನ್ಯವಾಗಿ ಐದು ವರ್ಷಗಳ ಕರಾರು; ಒಪ್ಪಿದ ಗುರಿಯನ್ನು ಮುಟ್ಟಿದರೆ ಗಂಟು ಅವರದೇ.

ಫಲವೇನು? ೧೯೯೪ರಲ್ಲಿ ಬಾಲ್ಟಿಮೋರ್, ಬಾಸ್ಟನ್, ಷಿಕಾಗೋ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳಲ್ಲಿ ಒಂದು ಪ್ರಯೋಗವು ಆರಂಭವಾಯಿತು. ಕೆಲವು ಕುಟುಂಬಗಳಿಗೆ ಬಡತನ ಕಡಮೆಯಾದ ಕೇರಿಗಳಲ್ಲಿ ಮಾತ್ರ ಸಲ್ಲುವ ಚೀಟಿಗಳನ್ನು ಕೊಟ್ಟರು. ರಾಜ್ ಚೆಟ್ಟಿ ಮೊದಲಾದ ಅರ್ಥಶಾಸ್ತ್ರಜ್ಞರು ೨೦೧೫ರಲ್ಲಿ ಪ್ರಕಟಿಸಿದ ಶೋಧನೆಯಂತೆ, ೧೩ ವರ್ಷ ತುಂಬುವ ಮೊದಲೇ ಹಾಗೆ ಹೋಗಿ ನೆಲಸಿದ ಮಕ್ಕಳು ದೊಡ್ಡವರಾದ ಮೇಲೆ ಉಳಿದವರಿಗಿಂತ ನೂರಕ್ಕೆ ಸುಮಾರು ೩೦ರಷ್ಟು ಹೆಚ್ಚಾಗಿ ಸಂಪಾದಿಸಿದರು. ತಡವಾಗಿ ಹೋದವರಿಗೆ ಈ ಲಾಭವಾಗಲಿಲ್ಲ.

ಇದರಿಂದ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಬಡವರಿಗೆ ಸೂರಿನ ನೆರವು ದೊರೆತರೆ ಸಾಲದು. ಮಕ್ಕಳು ಎಳೆಯರಾಗಿರುವಾಗಲೇ ದೊರೆಯಬೇಕು. ಸರದಿಯ ಪಟ್ಟಿಯಲ್ಲಿ ಕಳೆದುಹೋಗುವ ವರ್ಷಗಳು ಕಚೇರಿಯ ಲೆಕ್ಕದಲ್ಲಿ ಬರಿಯ ಅಂಕಿಗಳು. ಮನೆಯಲ್ಲಿ ಬೆಳೆಯುತ್ತಿರುವ ಮಗುವಿಗಾದರೋ ಅವು ಮತ್ತೆ ಬಾರದ ಬಾಲ್ಯ.