ನೀರಲ್ಲಿ ಜನ ಉಂಟು, ಎಂಜಿನ್ ನಿಲ್ಲಿಸಿ!

ನೀಲೇಶ್ವರ: ಓಣಂ, ಕ್ರಿಸ್‌ಮಸ್ ರಜೆ ಬಂತೆಂದರೆ ಕಾಸರಗೋಡು, ಮಂಜೇಶ್ವರ ಭಾಗದ ಕನ್ನಡ ಮನೆಗಳಲ್ಲಿ ‘ಈ ಸಲ ಬೋಟಿಗೆ ಹೋಗುವನಾ?’ ಎಂಬ ಮಾತು ಏಳುತ್ತದೆ. ಅದಕ್ಕಾಗಿ ಆಲಪ್ಪುಳದವರೆಗೆ ಓಡಬೇಕೆಂದಿಲ್ಲ. ಜಿಲ್ಲೆಯ ತೆಂಕು ತುದಿಯಲ್ಲೇ ಕೋಟಪ್ಪುರದ ಹೌಸ್‌ಬೋಟುಗಳಿವೆ, ವಲಿಯಪರಂಬದ ಮಗ್ಗುಲಲ್ಲಿ ಉದ್ದಕ್ಕೆ ಹಬ್ಬಿದ ಕವ್ವಾಯಿ ಹಿನ್ನೀರಿದೆ. ಹೋದವರು ಬಾಡಿಗೆ ಕೇಳುತ್ತಾರೆ, ಊಟಕ್ಕೆ ಕರಿಮೀನು ಉಂಟಾ ಎಂದೂ ಕೇಳುತ್ತಾರೆ. ಲೈಫ್ ಜಾಕೆಟ್ ಎಷ್ಟುಂಟು ಎಂದು ಕೇಳುವವರು ಮಾತ್ರ ಕಡಿಮೆ.

ಈ ಹಿನ್ನೀರು ಬರೀ ಪ್ರವಾಸಿಗರದ್ದಲ್ಲ. ಪಡನ್ನ, ಚೆರ್ವತ್ತೂರು ಕಡೆ ನೀರಲ್ಲಿ ಬಿದಿರು ನೆಟ್ಟು, ಹಗ್ಗ ಇಳಿಬಿಟ್ಟು ಕಲ್ಲುಮ್ಮಕಾಯಿ, ಅಂದರೆ ನಮ್ಮ ಕಡೆಯ ಪಚ್ಚಿಲೆ, ಬೆಳೆಸುತ್ತಾರೆ. ಸೊಂಟದ ಮಟ್ಟ ನೀರಲ್ಲಿ ನಿಂತು ದುಡಿಯುವವರಿದ್ದಾರೆ, ಸಣ್ಣ ದೋಣಿಯಲ್ಲಿ ಬಲೆ ಬಿಡುವವರಿದ್ದಾರೆ, ಈಜುವ ಮಕ್ಕಳೂ ಇದ್ದಾರೆ. ಮೋಟಾರ್ ಬೋಟು ರಭಸದಿಂದ ಹಾದುಹೋದರೆ ಅದರ ಹಿಂದೆ ಏಳುವ ತೆರೆ ಒಂದೇ ಸಾಕು, ಸಣ್ಣ ದೋಣಿ ಮಗುಚಲು.

ಹಿಂದುಗಡೆ ಇರುವ ಕತ್ತಿ

ಬೋಟಿನ ನಿಜವಾದ ಅಪಾಯ ನೀರಿನಡಿ, ಹಿಂದುಗಡೆ ಇರುವುದು. ಮೂರು ಎಲೆಯ ಪ್ರೊಪೆಲ್ಲರ್ ನಿಮಿಷಕ್ಕೆ 3,200 ಸುತ್ತು ತಿರುಗಿದರೆ ಒಂದು ಸೆಕೆಂಡಿನಲ್ಲಿ 160 ಏಟು ಬೀಳುತ್ತದೆ. ಬೋಟಿಗೆ ಬ್ರೇಕ್ ಇಲ್ಲ, ಎಂಜಿನ್ ಕಟ್ಟಿದ ಮೇಲೂ ಅದು ಮುಂದೆ ಜಾರುತ್ತದೆ. ಹಾಗಾಗಿ ಈಜುವವರು ಕಂಡ ಕೂಡಲೇ ದೂರದಿಂದಲೇ ವೇಗ ತಗ್ಗಿಸಬೇಕು. ನೀರಲ್ಲಿದ್ದವರನ್ನು ಮೇಲೆತ್ತಿಕೊಳ್ಳುವಾಗಲಂತೂ ಎಂಜಿನ್ ಪೂರ್ತಿ ಆಫ್ ಆಗಿರಬೇಕು. ‘ನ್ಯೂಟ್ರಲ್‌ನಲ್ಲಿ ಉಂಟಲ್ಲ’ ಎನ್ನುವುದು ಉತ್ತರವಲ್ಲ. ನ್ಯೂಟ್ರಲ್‌ನಲ್ಲೂ ಕೆಲವೊಮ್ಮೆ ಎಲೆ ಮೆಲ್ಲಗೆ ತಿರುಗುತ್ತಿರುತ್ತದೆ, ಯಾರದೋ ಕೈ ತಾಗಿ ಗೇರ್ ಬೀಳುವುದೂ ಉಂಟು. ಈಜುವವರ ಕಡೆಗೆ ರಿವರ್ಸ್ ತೆಗೆಯುವುದು ಎಲ್ಲಕ್ಕಿಂತ ಕೆಟ್ಟದ್ದು, ಹಿಂದೆ ಏನಿದೆ ಎಂದು ಚಾಲಕನಿಗೆ ಕಾಣುವುದೇ ಇಲ್ಲ.

ಪ್ರಯಾಣಿಕ ಬಲಕ್ಕೆ ಬಿದ್ದರೆ ಚುಕ್ಕಾಣಿ ಬಲಕ್ಕೇ ತಿರುಗಬೇಕು. ಕೇಳಲಿಕ್ಕೆ ವಿಚಿತ್ರ. ಆದರೆ ಬೋಟಿನ ಮೂತಿ ಬಲಕ್ಕೆ ಹೋದಾಗ ಹಿಂಭಾಗ ಎಡಕ್ಕೆ ಸರಿಯುತ್ತದೆ, ಪ್ರೊಪೆಲ್ಲರ್ ಬಿದ್ದವನಿಂದ ದೂರವಾಗುತ್ತದೆ. ಆಮೇಲೆ ಸುತ್ತಿ ಬಂದು, ತುಸು ದೂರದಲ್ಲಿ ಎಂಜಿನ್ ನಿಲ್ಲಿಸಿ, ಟ್ಯೂಬು ಇಲ್ಲವೇ ಹಗ್ಗ ಎಸೆಯಬೇಕು. ಈಜು ಬರುತ್ತದೆಂದು ಒಬ್ಬರ ಹಿಂದೆ ಒಬ್ಬರು ಹಾರುವುದು ಬೇಡವೇ ಬೇಡ.

ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಒಂದು ಸುರುಳಿ ದಾರ ಇರುತ್ತದೆ. ಅದನ್ನು ಚಾಲಕ ಕೈಗೋ ಜಾಕೆಟ್‌ಗೋ ಸಿಕ್ಕಿಸಿಕೊಂಡಿದ್ದರೆ, ಅವನು ಬಿದ್ದ ಕ್ಷಣ ಎಂಜಿನ್ ತಾನಾಗಿ ನಿಲ್ಲುತ್ತದೆ. ಸಿಕ್ಕಿಸದಿದ್ದರೆ ಚಾಲಕನಿಲ್ಲದ ಬೋಟು ಅಲ್ಲೇ ಗಿರಗಿರ ಸುತ್ತಿ ಅವನ ಮೇಲೆಯೇ ಬರಬಹುದು. ಆ ದಾರ ಎಂಜಿನ್ ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿದ್ದರೆ ಪ್ರಯಾಣಿಕರು ಕೇಳಬಹುದು, ಅದರಲ್ಲಿ ನಾಚಿಕೆ ಎಂತದು?

ಒಂದೇ ಬದಿಗೆ ಸರಿದಾಗ

ಕೇರಳ ಇಂಥ ದುಃಖ ಸಾಕಷ್ಟು ಕಂಡಿದೆ. 2007ರ ಫೆಬ್ರವರಿಯಲ್ಲಿ ತಟ್ಟೇಕ್ಕಾಡ್‌ನಲ್ಲಿ ಶಾಲಾ ಪ್ರವಾಸದ ಬೋಟು ಮುಳುಗಿ ಮಕ್ಕಳು, ಶಿಕ್ಷಕರು ಸೇರಿ 18 ಮಂದಿ ಹೋದರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಮಂದಿ. ಕಾಡುಪ್ರಾಣಿ ನೋಡಲೆಂದು ಜನ ಒಂದೇ ಬದಿಗೆ ಸರಿದಿದ್ದರು, ಎರಡಂತಸ್ತಿನ ಬೋಟು ಮಗುಚಿತು. 2023ರ ಮೇ 7ರಂದು ತಾನೂರಿನಲ್ಲಿ ಮುಳುಗಿದ್ದು ಮೀನುಗಾರಿಕೆ ಬೋಟನ್ನು ಬದಲಾಯಿಸಿ ಮಾಡಿದ ಪ್ರವಾಸಿ ಬೋಟು. ಜನ ಮಿತಿ ಮೀರಿ ಹತ್ತಿದ್ದರು, ಸತ್ತವರು 22, ಅದರಲ್ಲಿ ಹೆಚ್ಚಿನವರು ಮಕ್ಕಳು.

ಮೇಲಂತಸ್ತಿನಲ್ಲಿ ಜನ ಹೆಚ್ಚಿದಷ್ಟೂ ಬೋಟಿನ ತೂಕ ಮೇಲಕ್ಕೇರುತ್ತದೆ, ತಲೆಭಾರವಾಗುತ್ತದೆ. ಆಗ ಎಲ್ಲರೂ ಒಟ್ಟಿಗೆ ಎದ್ದು ಫೋಟೋಕ್ಕೆ ನಿಂತರೆ ಅಥವಾ ಚಾಲಕ ಗಕ್ಕನೆ ತಿರುಗಿಸಿದರೆ ಕಥೆ ಮುಗಿಯಿತು. ಬೋಟು ಚಲಿಸುವಾಗ ಕೂತೇ ಇರಬೇಕು. ಮುಂಭಾಗದಲ್ಲಿ ಕಾಲು ಇಳಿಬಿಟ್ಟು ಕೂರುವ ಹುಡುಗರನ್ನು ಹಿರಿಯರೇ ಎಬ್ಬಿಸಬೇಕು. ಅಲ್ಲಿಂದ ಜಾರಿದವನ ಮೇಲೆ ಇಡೀ ಬೋಟು ಹಾದುಹೋಗುತ್ತದೆ.

ಜಾಕೆಟ್ ಸೀಟಿನಡಿ ಮಡಚಿಟ್ಟರೆ ಪ್ರಯೋಜನ ಇಲ್ಲ. ಮಗುಚಿದ ಮೇಲೆ ಹುಡುಕಿ ಹಾಕಲು ಸಮಯ ಎಲ್ಲುಂಟು? ಮಕ್ಕಳಿಗೆ ತೊಡಿಸಿದ ಮೇಲೆ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು, ನೀರಲ್ಲಿ ಕಳಚಿಹೋಗುತ್ತದೆ, ಚಿಕ್ಕ ಸೈಜು ಕೇಳಿ.

1917ರ ಹಳೇ ಕಾನೂನಿನ ಬದಲಿಗೆ ಈಗ 2021ರ ಒಳನಾಡು ಹಡಗು ಕಾಯ್ದೆ ಇದೆ. ಯಾಂತ್ರಿಕ ಬೋಟಿಗೆ ನೋಂದಣಿ ಬೇಕು, ತಪಾಸಣೆಯ ಪ್ರಮಾಣಪತ್ರ ಬೇಕು. ಮಲಯಾಳ ಓದಲು ಬಾರದ ನಮ್ಮ ಅಜ್ಜಿಯಂದಿರಿಗೂ ಅಂಕಿ ಓದಲು ಬರುತ್ತದೆ. ಬೋಟಿನ ಮೇಲೆ ಬರೆದ ನೋಂದಣಿ ನಂಬರು, ಪ್ರಯಾಣಿಕರ ಸಂಖ್ಯೆ ನೋಡಿ, ತಲೆ ಎಣಿಸಿ. ತೊಟ್ಟಿಲ ಕೂಸನ್ನೂ ಲೆಕ್ಕಕ್ಕೆ ಹಿಡಿಯಿರಿ. ಜಾಸ್ತಿ ಇದ್ದರೆ ಹೊರಡುವ ಮೊದಲೇ ಇಳಿದುಬಿಡಿ, ಕೊಟ್ಟ ದುಡ್ಡಿನ ಚಿಂತೆ ಆಮೇಲೆ. ತಾನೂರಿನ ದುರಂತ ನಡೆದದ್ದು ಸಂಜೆ ಕತ್ತಲಾಗುವ ಹೊತ್ತಿಗೆ. ಸೂರ್ಯ ಮುಳುಗಿದ ಮೇಲಿನ ‘ಲಾಸ್ಟ್ ಟ್ರಿಪ್’ ಅರ್ಧ ದರಕ್ಕೆ ಕೊಟ್ಟರೂ ಬೇಡ ಮಾರಾಯ್ರೆ.