ಗ್ರಾಮದ ಬಿತ್ತನೆ ಬೀಜಗಳೂ ಅವುಗಳ ದಾಖಲೆಯೂ

ಗ್ರಾಮದ ದಾಖಲೆಗಳು ಎಷ್ಟು ವಿವರವಾಗಿ ಇರುವುವೆಂಬುದು ನಮ್ಮ ಗ್ರಾಮ ಮುಖಂಡರಿಗೂ ಜಮೀನುದಾರರಿಗೂ ಹೊಸದಾಗಿ ಹೇಳತಕ್ಕ ವಿಷಯವಲ್ಲ. ಒಂದು ಸರ್ವೆ ನಂಬರಿನಲ್ಲಿ ಖುಷ್ಕಿ ಎಷ್ಟು, ತರಿ ಎಷ್ಟು, ಬಾಗಾಯ್ತು ಎಷ್ಟು, ಖರಾಬು ಎಷ್ಟು ಗುಂಟೆ ಎಂಬುದು ಪಹಣಿಯಲ್ಲಿ ಕಾಣುತ್ತದೆ. ಬದುವಿನ ಒಂದು ಮೊಳದ ವಿಚಾರವಾಗಿ ಎರಡು ತಲೆಮಾರು ವ್ಯಾಜ್ಯ ನಡೆದುದನ್ನು ಕಂಡವರೂ ನಮ್ಮಲ್ಲಿ ಇದ್ದಾರೆ. ಆದರೆ ಅದೇ ಜಮೀನಿನಲ್ಲಿ ಅಜ್ಜನ ಕಾಲದಲ್ಲಿ ಬಿತ್ತುತ್ತಿದ್ದ ರಾಗಿ ಯಾವ ತಳಿಯದು, ಅದು ಎಷ್ಟು ದಿನಕ್ಕೆ ಕೊಯ್ಲಿಗೆ ಬರುತ್ತಿತ್ತು, ಮಳೆ ತಪ್ಪಿದ ವರ್ಷ ಅದು ತಾಳಿಕೊಳ್ಳುತ್ತಿತ್ತೆ ಎಂದು ಕೇಳಿದರೆ, ಉತ್ತರ ಹೇಳತಕ್ಕ ಕಾಗದ ಯಾವ ಪೆಟ್ಟಿಗೆಯಲ್ಲಿಯೂ ಸಿಕ್ಕುವುದಿಲ್ಲ. “ನಮ್ಮ ಅಜ್ಜಿಗೆ ಗೊತ್ತಿತ್ತು, ಆಕೆ ತೀರಿಕೊಂಡು ಎಂಟು ವರ್ಷವಾಯಿತು” ಎಂಬುದೇ ಸಾಮಾನ್ಯವಾಗಿ ಬರುವ ಉತ್ತರ.

ಈ ಕೊರತೆಯನ್ನು ತುಂಬುವುದಕ್ಕಾಗಿ ಭಾರತ ಸರ್ಕಾರದವರ 2002ನೆಯ ಇಸವಿಯ ಜೀವವೈವಿಧ್ಯ ಕಾನೂನಿನಲ್ಲಿ ಒಂದು ಏರ್ಪಾಡು ಉಂಟು. ಪ್ರತಿಯೊಂದು ಗ್ರಾಮ ಪಂಚಾಯತಿಯೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸತಕ್ಕದ್ದು. ಆ ಸಮಿತಿಯು ಊರಿನವರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕವನ್ನು ಬರೆದಿಡತಕ್ಕದ್ದು. ಜೀವವೈವಿಧ್ಯವೆಂದರೆ ಕಾಡಿನ ಹುಲಿ ಆನೆಗಳೆಂದು ಮಾತ್ರ ಅನೇಕರು ತಿಳಿದಿರುವರು. ಹಾಗಲ್ಲ. ಹೊಲದಲ್ಲಿ ಬೆಳೆಯುವ ಬತ್ತ, ರಾಗಿ, ಅವರೆಗಳ ನಾನಾ ತಳಿಗಳು, ಕೊಟ್ಟಿಗೆಯ ಹಳ್ಳಿಕಾರ್ ಅಥವಾ ಮಲೆನಾಡು ಗಿಡ್ಡ ದನಗಳು, ಕೆರೆಯ ಮೀನು, ಬೇಲಿಯ ಬಳ್ಳಿ, ಗೋಮಾಳದ ಹುಲ್ಲು, ಇವೆಲ್ಲವೂ ಈ ಮಾತಿನಲ್ಲಿ ಸೇರುತ್ತವೆ. ಇವುಗಳನ್ನು ಕುರಿತು ಊರಿನವರಿಗೆ ಇರುವ ತಿಳಿವಳಿಕೆಯೂ ಸೇರುತ್ತದೆ.

ಬರೆದಿಡುವುದರಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಅರಿಸಿನದ ಪ್ರಕರಣವನ್ನು ತಿಳಿಸುವುದು ಒಳ್ಳೆಯದು. ಗಾಯಕ್ಕೆ ಅರಿಸಿನವನ್ನು ಮೆತ್ತುವುದು ನಮ್ಮಲ್ಲಿ ಯಾವ ಮನೆಯ ಹೆಂಗಸಿಗೆ ತಿಳಿಯದು? 1995ನೆಯ ಇಸವಿಯಲ್ಲಿ ಅಮೆರಿಕ ದೇಶದ ಪೇಟೆಂಟ್ ಕಚೇರಿಯವರು ಗಾಯವನ್ನು ಮಾಯಿಸುವುದಕ್ಕೆ ಅರಿಸಿನವನ್ನು ಉಪಯೋಗಿಸುವುದು ಹೊಸ ಶೋಧನೆಯೆಂದು ಒಪ್ಪಿ ಅಲ್ಲಿನ ಒಂದು ವೈದ್ಯ ಸಂಸ್ಥೆಯವರಿಗೆ ಪೇಟೆಂಟನ್ನು ಕೊಟ್ಟರು. ಆಗಿನ ಆ ದೇಶದ ಕಾನೂನಿನ ಪ್ರಕಾರ, ಪರದೇಶದಲ್ಲಿ ಜನರು ಬಾಯಿಮಾತಿನಿಂದ ತಿಳಿದು ಅನುಸರಿಸುತ್ತಿದ್ದ ಪದ್ಧತಿ ಸಾಕ್ಷ್ಯವಾಗುತ್ತಿರಲಿಲ್ಲ. ಅಚ್ಚಾದ ಗ್ರಂಥವೋ ಪತ್ರಿಕೆಯೋ ಬೇಕಾಗಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನವರು 1996ರಲ್ಲಿ ಆಕ್ಷೇಪಣೆಯನ್ನು ಹಾಕಿ, ಸಂಸ್ಕೃತ, ಉರ್ದು, ಹಿಂದಿ ಭಾಷೆಗಳ ಹಳೆಯ ಗ್ರಂಥಗಳಿಂದಲೂ, 1953ರಲ್ಲಿ ಭಾರತದ ವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟವಾಗಿದ್ದ ಒಂದು ಲೇಖನದಿಂದಲೂ ಆಧಾರಗಳನ್ನು ತೋರಿಸಿದ ಮೇಲೆ 1997ರಲ್ಲಿ ಆ ಪೇಟೆಂಟು ರದ್ದಾಯಿತು. ಬೇವಿನ ಎಣ್ಣೆಯಿಂದ ಬೂಷ್ಟು ರೋಗವನ್ನು ತಡೆಯುವ ಕ್ರಮವನ್ನು ಕುರಿತು ಯೂರೋಪಿನಲ್ಲಿ ಕೊಟ್ಟಿದ್ದ ಪೇಟೆಂಟು 2000ನೆಯ ಇಸವಿಯಲ್ಲಿ ರದ್ದಾಗಿ, ಅದರ ಮೇಲಣ ಅಪೀಲು ಮುಗಿಯುವ ಹೊತ್ತಿಗೆ 2005ನೆಯ ಇಸವಿ ಬಂದಿತ್ತು. ಅರಿಸಿನಕ್ಕೂ ಬೇವಿಗೂ ಗ್ರಂಥಗಳ ಆಧಾರವಿತ್ತು, ಗೆದ್ದೆವು. ನಮ್ಮ ಒಂದು ಹೋಬಳಿಯಲ್ಲಿ ಮಾತ್ರ ತಿಳಿದಿರುವ ಬೇರಿಗೋ, ಒಂದೇ ಕಣಿವೆಯಲ್ಲಿ ಬೆಳೆಯುವ ಬತ್ತಕ್ಕೋ ಅಂಥ ಗ್ರಂಥ ಎಲ್ಲಿದೆ?

ರಾಷ್ಟ್ರ ರಾಷ್ಟ್ರಗಳ ನಡುವೆ ಈ ವಿಚಾರವಾಗಿ ನಡೆದಿರುವ ಒಡಂಬಡಿಕೆಗಳನ್ನು ಸಂಕ್ಷೇಪವಾಗಿ ಹೇಳುವೆವು. 1992ರಲ್ಲಿ ಬ್ರೆಜಿಲ್ ದೇಶದ ರಿಯೋ ಪಟ್ಟಣದಲ್ಲಿ ಜೀವವೈವಿಧ್ಯ ಒಪ್ಪಂದವು ಸಹಿಗೆ ಸಿದ್ಧವಾಯಿತು. ಭಾರತವು 1994ರಲ್ಲಿ ಅದನ್ನು ಅಂಗೀಕರಿಸಿತು. ಅದಕ್ಕೆ ಮುಂಚೆ ಗಿಡಮರಗಳೂ ಬೀಜಗಳೂ ಮನುಷ್ಯಕುಲಕ್ಕೆಲ್ಲ ಸಾಮಾನ್ಯವಾದ ಸ್ವತ್ತೆಂಬ ಭಾವನೆಯಿಂದ ಯಾರು ಬೇಕಾದರೂ ಒಯ್ಯುತ್ತಿದ್ದರು. ಒಪ್ಪಂದದ ತರುವಾಯ, ಆಯಾ ದೇಶದ ಜೀವಸಂಪತ್ತಿನ ಮೇಲೆ ಆಯಾ ದೇಶಕ್ಕೇ ಅಧಿಕಾರವೆಂದೂ, ಅದನ್ನು ಉಪಯೋಗಿಸಿ ಲಾಭ ಪಡೆದವರು ಕಾಪಾಡಿಕೊಂಡು ಬಂದವರಿಗೆ ಪಾಲು ಕೊಡಬೇಕೆಂದೂ ನಿರ್ಣಯವಾಯಿತು. ಪಾಲು ಕೊಡುವ ಕ್ರಮವನ್ನು 2010ರಲ್ಲಿ ಜಪಾನಿನ ನಗೋಯಾದಲ್ಲಿ ವಿಶದಪಡಿಸಿದರು. 2014ರಲ್ಲಿ ಅದು ಜಾರಿಗೆ ಬಂದಿತು. ಈ ಒಪ್ಪಂದಗಳನ್ನು ನಮ್ಮಲ್ಲಿ ನಡೆಸತಕ್ಕ ರಾಷ್ಟ್ರೀಯ ಪ್ರಾಧಿಕಾರವು ಚೆನ್ನೈ ನಗರದಲ್ಲಿಯೂ, ಕರ್ನಾಟಕದ ಮಂಡಳಿಯು ಬೆಂಗಳೂರಿನಲ್ಲಿಯೂ ಇವೆ. ಪರದೇಶದವರು ಮೊದಲನೆಯದರ ಅಪ್ಪಣೆ ಪಡೆಯಬೇಕು. ನಮ್ಮ ದೇಶದ ಕಂಪೆನಿಗಳವರು ವ್ಯಾಪಾರಕ್ಕಾಗಿ ಸಂಗ್ರಹಿಸುವುದಾದರೆ ಎರಡನೆಯದಕ್ಕೆ ಮುಂಚಿತವಾಗಿ ತಿಳಿಸಬೇಕು. ತಮ್ಮ ಹೊಲದಲ್ಲಿ ಬೆಳೆದುಕೊಳ್ಳುವ ರೈತರಿಗೂ ನಾಟಿ ವೈದ್ಯರಿಗೂ ಈ ನಿರ್ಬಂಧವಿಲ್ಲ.

ಇದರಿಂದ ಬೀಜದ ಬಾಗಿಲನ್ನೇ ಮುಚ್ಚಿದಂತಾಯಿತೆಂದು ಯಾರೂ ಭಾವಿಸಕೂಡದು. ಕೊಟ್ಟವರು ನಾವು ಮಾತ್ರವಲ್ಲ, ಪಡೆದವರೂ ಹೌದು. ರಾಗಿಯ ಮೂಲವೇ ಪೂರ್ವ ಆಫ್ರಿಕದ ಎತ್ತರದ ಪ್ರದೇಶ; ಮೆಣಸಿನಕಾಯಿ, ಕಡಲೆಕಾಯಿ, ಆಲೂಗೆಡ್ಡೆಗಳು ಅಮೆರಿಕ ಖಂಡದಿಂದ ಬಂದುವು. ಮಂಡ್ಯದ ವಿ. ಸಿ. ಫಾರಮಿನಲ್ಲಿ ಡಾಕ್ಟರ್ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಸಾಧಿಸಿದರು. ಅವುಗಳಿಂದ ನಮ್ಮ ಖುಷ್ಕಿ ಜಮೀನಿನ ಇಳುವರಿ ಹೇಗೆ ಏರಿತೆಂಬುದನ್ನು ಹಿರಿಯ ರೈತರು ಬಲ್ಲರು. ಇಂಥ ವಿನಿಮಯವು ನಿಂತುಹೋಗಬಾರದೆಂದೇ ಬತ್ತ, ಗೋದಿ, ರಾಗಿ ಮುಂತಾದ 64 ಬೆಳೆಗಳ ವಿಚಾರವಾಗಿ ಪ್ರತ್ಯೇಕವಾದ ಒಪ್ಪಂದವೊಂದು 2004ರಿಂದ ಜಾರಿಯಲ್ಲಿದೆ. ಭಾರತವೂ ಅದರಲ್ಲಿ ಸೇರಿದೆ.

ನಿರುಪಯೋಗಿಯೆಂದು ತೋರುವ ಒಂದು ಹುಲ್ಲಿನ ಬೆಲೆ ಎಷ್ಟಾಗಬಹುದೆಂಬುದಕ್ಕೆ ಒಂದು ಉದಾಹರಣೆ ಸಾಕು. 1970ರ ಸುಮಾರಿನಲ್ಲಿ ಆಗ್ನೇಯ ಏಷ್ಯದ ಬತ್ತದ ಗದ್ದೆಗಳಿಗೆ ಒಂದು ರೋಗ ತಗುಲಿತು. ಕಂದು ಜಿಗಿಹುಳು ಇದನ್ನು ಹರಡುತ್ತದೆ. ರೋಗ ಬಿದ್ದ ಪೈರು ಹುಲ್ಲಿನ ಹಾಗೆ ಕುಳ್ಳಾಗಿ ಕವಲೊಡೆದು ತೆನೆಯನ್ನೇ ಬಿಡುವುದಿಲ್ಲ. ಫಿಲಿಪೈನ್ಸ್ ದೇಶದಲ್ಲಿರುವ ಅಂತರರಾಷ್ಟ್ರೀಯ ಬತ್ತದ ಸಂಶೋಧನಾ ಸಂಸ್ಥೆಯವರು ಆರು ಸಾವಿರಕ್ಕೂ ಹೆಚ್ಚು ಬತ್ತದ ಮಾದರಿಗಳನ್ನು ಪರೀಕ್ಷಿಸಿದರು. ಆ ರೋಗವನ್ನು ತಡೆಯುವ ಗುಣವು ಕಂಡದ್ದು ಒಂದೇ ಒಂದರಲ್ಲಿ: ನಮ್ಮ ಉತ್ತರ ಪ್ರದೇಶದಿಂದ 1963ರಲ್ಲಿ ಸಂಗ್ರಹಿಸಿದ್ದ ಒಂದು ಕಾಡುಬತ್ತ. ಅದರ ಗುಣವನ್ನು ಸೇರಿಸಿ ಮಾಡಿದ ತಳಿಗಳು ಮುಂದೆ ಲಕ್ಷಾಂತರ ಎಕರೆಗಳಲ್ಲಿ ಬೆಳೆದುವು. ಆ ವರ್ಷ ಆ ಹಳ್ಳದ ದಡವನ್ನು ಯಾರಾದರೂ ಕೆತ್ತಿ ಹಸನು ಮಾಡಿಬಿಟ್ಟಿದ್ದರೆ?

ಪುಸ್ತಕಗಳ ಸದ್ಯದ ಸ್ಥಿತಿ ಹೇಗಿದೆಯೆಂಬುದನ್ನು ಮುಚ್ಚಿಡದೆ ಹೇಳಬೇಕಾಗಿದೆ. 1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮಾಧವ ಗಾಡಗೀಳರೂ ಅವರ ಸಂಗಡಿಗರೂ ಈ ಪದ್ಧತಿಯನ್ನು ರೂಪಿಸಿದಾಗ, ಕಾರ್ಕಳ ತಾಲ್ಲೂಕಿನ ಮಾಳ ಮುಂತಾದ ಗ್ರಾಮಗಳಲ್ಲಿ ಊರಿನವರೂ ಉಪಾಧ್ಯಾಯರೂ ಕೂಡಿ ನಿಧಾನವಾಗಿ ವಿಚಾರಿಸಿ ಬರೆದರು. ಕಾನೂನು ಬಂದ ಮೇಲೆ ಬಹಳ ವರ್ಷ ಯಾರೂ ಇದನ್ನು ಗಮನಿಸಲಿಲ್ಲ. 2016ರ ವೇಳೆಗೆ ಇಡೀ ದೇಶದಲ್ಲಿ ಒಂದೆರಡು ಸಾವಿರ ಪುಸ್ತಕಗಳು ಮಾತ್ರ ಸಿದ್ಧವಾಗಿದ್ದುವು. ಆ ವರ್ಷ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ದಾವೆ ಹೂಡಲ್ಪಟ್ಟು, 2020ನೆಯ ಜನವರಿ 31ರೊಳಗೆ ಎಲ್ಲ ಸ್ಥಳೀಯ ಸಂಸ್ಥೆಗಳ ಪುಸ್ತಕಗಳೂ ಮುಗಿಯಬೇಕೆಂದೂ, ತಪ್ಪಿದ ಪ್ರತಿ ರಾಜ್ಯವೂ ತಿಂಗಳಿಗೆ ಹತ್ತು ಲಕ್ಷ ರೂಪಾಯಿಯನ್ನು ಕಟ್ಟಬೇಕೆಂದೂ ಆಜ್ಞೆಯಾಯಿತು. ಆಜ್ಞೆಯ ಫಲವಾಗಿ ಪುಸ್ತಕಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಎರಡೂವರೆ ಲಕ್ಷವನ್ನು ಮೀರಿತು.

ಸಂಖ್ಯೆ ದೊಡ್ಡದು, ಆದರೆ ಅಷ್ಟು ಅವಸರದಲ್ಲಿ ಬರೆದುದು ಹೇಗಿರುವುದೆಂದು ಊಹಿಸುವುದು ಕಷ್ಟವಲ್ಲ. ಬಯಲುಸೀಮೆಯ ಒಂದು ಗ್ರಾಮದ ಪುಸ್ತಕವನ್ನು ಈ ಲೇಖಕನು ನೋಡಿದಾಗ, ಅದರಲ್ಲಿ ಸಮುದ್ರತೀರದ ಕೆಸರಿನಲ್ಲಿ ಮಾತ್ರ ಬೆಳೆಯುವ ಕಾಂಡ್ಲ ಗಿಡವೂ ನಮೂದಾಗಿತ್ತು. ಇನ್ನೊಂದು ಊರಿನ ಪಟ್ಟಿಯನ್ನು ಇಳಿಸಿಕೊಂಡದ್ದು ಸ್ಪಷ್ಟ. ಅದೇ ಊರಿನಲ್ಲಿ ಮೂರು ಮನೆಯವರು ಇನ್ನೂ ಬಿತ್ತುತ್ತಿದ್ದ ಕರಿಗಿಡ್ಡ ರಾಗಿಯ ಹೆಸರು ಮಾತ್ರ ಅದರಲ್ಲಿರಲಿಲ್ಲ. ಪಂಚಾಯತಿಯ ಅಧ್ಯಕ್ಷರನ್ನು ಕೇಳಿದ್ದಕ್ಕೆ, ತಮ್ಮ ಊರಿಗೆ ಅಂಥದೊಂದು ಪುಸ್ತಕವಿದೆಯೆಂಬುದೇ ತಮಗೆ ತಿಳಿಯದೆಂದರು. ಅವರನ್ನು ದೂರಲಾಗದು, ಬರೆದವರು ಅವರನ್ನು ಕೇಳಿರಲಿಲ್ಲ.

ಆದುದರಿಂದ ಗ್ರಾಮ ಮುಖಂಡರು ಮೊದಲು ಮಾಡಬೇಕಾದ ಕೆಲಸವೆಂದರೆ ತಮ್ಮ ಪಂಚಾಯತಿಯ ಪುಸ್ತಕವನ್ನು ತರಿಸಿ ಗ್ರಾಮಸಭೆಯಲ್ಲಿ ಓದಿಸುವುದು. ಇಲ್ಲದ್ದನ್ನು ಹೊಡೆದುಹಾಕಿಸಬೇಕು, ಇರುವುದನ್ನು ಸೇರಿಸಬೇಕು. ಒಂದೇ ದಿನದಲ್ಲಿ ಇದು ಮುಗಿಯತಕ್ಕ ಕೆಲಸವಲ್ಲ: ಮುಂಗಾರಿನಲ್ಲಿ ಕಾಣುವ ಸೊಪ್ಪು ಸುಗ್ಗಿಯಲ್ಲಿ ಕಾಣುವುದಿಲ್ಲ. ತಳಿಯನ್ನು ಊರಿನವರು ಯಾವ ಹೆಸರಿನಿಂದ ಕರೆಯುವರೋ ಅದೇ ಹೆಸರನ್ನು ಬರೆಯತಕ್ಕದ್ದು. ಶಾಸ್ತ್ರೀಯ ಹೆಸರನ್ನು ಕೃಷಿ ವಿಶ್ವವಿದ್ಯಾಲಯದವರು ಆಮೇಲೆ ಸೇರಿಸಬಲ್ಲರು. ಯಾವ ಮಣ್ಣು, ಎಷ್ಟು ದಿನದ ಬೆಳೆ, ರೊಟ್ಟಿಗೆ ಒಳ್ಳೆಯದೋ ಮುದ್ದೆಗೆ ಒಳ್ಳೆಯದೋ, ಹುಲ್ಲನ್ನು ದನಗಳು ಇಷ್ಟಪಟ್ಟು ತಿನ್ನುವುವೋ ಇಲ್ಲವೋ, ಈಗ ಎಷ್ಟು ಮನೆಗಳಲ್ಲಿ ಬೀಜವಿದೆ, ಹತ್ತು ವರ್ಷದ ಹಿಂದೆ ಎಷ್ಟು ಮನೆಗಳಲ್ಲಿತ್ತು ಎಂಬುವೇ ಮುಖ್ಯವಾದ ವಿವರಗಳು. ಇವುಗಳನ್ನು ಯಜಮಾನರಿಗಿಂತ ಮನೆಯ ಹೆಂಗಸರು ಚೆನ್ನಾಗಿ ಹೇಳಬಲ್ಲರು. ಬೀಜವನ್ನು ಬೂದಿ ಬೆರಸಿ ಗಡಿಗೆಯಲ್ಲಿ ಇಡುವವರು ಅವರೇ. ಕುರಿ ಕಾಯುವವರನ್ನೂ ಮೀನು ಹಿಡಿಯುವವರನ್ನೂ ಬಿಡಬಾರದು. ಚಾವಡಿಯಲ್ಲಿ ಕುಳಿತು ನಾಲ್ಕು ಜನ ದೊಡ್ಡವರು ಹೇಳಿದ್ದನ್ನಷ್ಟೇ ಬರೆದರೆ ಪುಸ್ತಕವು ಅರ್ಧವೂ ತುಂಬುವುದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ನಾಟಿ ವೈದ್ಯರು ತಮ್ಮ ಮನೆತನದಲ್ಲಿಯೇ ಉಳಿಸಿಕೊಂಡು ಬಂದ ಔಷಧಿಯ ಕ್ರಮವನ್ನು ಹೇಳಲು ಇಷ್ಟಪಡದಿದ್ದರೆ ಬಲಾತ್ಕರಿಸಬಾರದು. ಹೇಳಿದರೆ ಅದನ್ನು ಗುಟ್ಟಾಗಿಡುವ ಏರ್ಪಾಡನ್ನು ಮಾಡಿಕೊಳ್ಳಬೇಕು. ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟಿಸಿದುದನ್ನು ಮತ್ತೆ ಹಿಂದಕ್ಕೆ ಪಡೆಯಲಾಗದು. ಈಚೆಗೆ ಬೀಜವನ್ನು ಒಯ್ಯದೆಯೇ ಅದರ ಆನುವಂಶಿಕ ಲಿಪಿಯನ್ನು ಯಂತ್ರದಿಂದ ಓದಿ ದೂರದೇಶದಲ್ಲಿ ಉಪಯೋಗಿಸುವುದೂ ಸಾಧ್ಯವಾಗಿದೆ. ಹೀಗೆ ಲಾಭ ಪಡೆಯುವ ಕಂಪೆನಿಗಳು ಹಣ ಹಾಕತಕ್ಕ ನಿಧಿಯೊಂದು 2025ರ ಫೆಬ್ರುವರಿಯಲ್ಲಿ ರೋಮ್ ನಗರದಲ್ಲಿ ಆರಂಭವಾಯಿತು. ಆದರೆ ಕೊಡುವುದೂ ಬಿಡುವುದೂ ಅವರವರ ಇಷ್ಟ.

ಲಾಭದ ಪಾಲು ಊರಿಗೆ ನಿಜವಾಗಿ ಬರುವುದೆ? ಬಂದ ನಿದರ್ಶನಗಳುಂಟು, ಹೆಚ್ಚಾಗಿಲ್ಲ. ಕೇರಳದ ಅಗಸ್ತ್ಯಮಲೆಯ ಕಾಣಿ ಜನರು ಆಯಾಸ ಪರಿಹಾರಕ್ಕೆ ತಿನ್ನುತ್ತಿದ್ದ ಆರೋಗ್ಯಪಚ್ಚ ಎಂಬ ಗಿಡದಿಂದ ತಯಾರಾದ ಔಷಧಿಯ ಹಕ್ಕನ್ನು 1995ರಲ್ಲಿ ಹತ್ತು ಲಕ್ಷ ರೂಪಾಯಿಗಳಿಗೂ ಮಾರಾಟದ ಮೇಲೆ ನೂರಕ್ಕೆ ಎರಡರಂತೆ ಗೌರವಧನಕ್ಕೂ ಕೊಡಲಾಯಿತು; ಅದರಲ್ಲಿ ಅರ್ಧ ಭಾಗವು ಕಾಣಿ ಜನರ ಧರ್ಮನಿಧಿಗೆ ಸೇರತಕ್ಕದ್ದೆಂದು ಏರ್ಪಾಡಾಯಿತು. ನಮ್ಮ ದೇಶದ ಔಷಧಿ ಕಂಪೆನಿಗಳೂ ಪಾಲನ್ನು ಕೊಡಲೇಬೇಕೆಂದು ಉತ್ತರಾಖಂಡದ ಹೈಕೋರ್ಟಿನವರು 2018ರಲ್ಲಿ ತೀರ್ಪಿತ್ತರು. 2023ರ ತಿದ್ದುಪಡಿಯಿಂದ, ಕಾಡಿನಿಂದ ತಂದದ್ದಲ್ಲದೆ ಬೆಳೆಸಿದ ಔಷಧಿ ಸಸ್ಯಗಳಿಗೆ ವಿನಾಯಿತಿ ದೊರೆತಿದೆ. ಅಶ್ವಗಂಧ ಮುಂತಾದುವನ್ನು ಬೆಳೆಯುವ ಜಮೀನುದಾರರಿಗೆ ಇದು ಅನುಕೂಲವೇ. ಊರೊಟ್ಟಿನ ಪಾಲು ಇದರಿಂದ ಕುಗ್ಗುವುದೆಂಬ ಆಕ್ಷೇಪಣೆಯೂ ಇದೆ, ಅದು ನಿರಾಧಾರವೆಂದು ಹೇಳಲಾರೆವು. ವ್ಯಾಪಾರಕ್ಕಾಗಿ ತಮ್ಮ ಎಲ್ಲೆಯಿಂದ ಸಂಗ್ರಹಿಸುವವರ ಮೇಲೆ ಶುಲ್ಕವನ್ನು ವಿಧಿಸುವ ಅಧಿಕಾರವು ಗ್ರಾಮದ ಸಮಿತಿಗೆ ಇದೆ. ಸೀಗೆ, ಅಂಟುವಾಳ, ನೆಲ್ಲಿಗಳನ್ನು ಗಾಡಿಗಟ್ಟಲೆ ಸಾಗಿಸುವ ಊರುಗಳಲ್ಲಿಯೂ ಇದನ್ನು ಬಳಸುವವರು ವಿರಳ.

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಐವತ್ತು ಎಕರೆಗೂ ಮೇಲ್ಪಟ್ಟು ಹಬ್ಬಿರುವ ಹಳೆಯ ಹುಣಿಸೆ ತೋಪು 2007ರಲ್ಲಿ ಇಡೀ ಭಾರತದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಸುತ್ತಲಿನ ಜಮೀನಿನ ಬೆಲೆ ಎಲ್ಲಿಂದೆಲ್ಲಿಗೋ ಏರಿದರೂ ಆ ಮರಗಳು ಉಳಿದಿವೆ. ಅಂಥ ತೋಪು, ದೇವರ ಕಾಡು, ಕಾವಲು ತಮ್ಮ ಗ್ರಾಮದಲ್ಲಿದ್ದರೆ ಅದರ ಎಲ್ಲೆಕಟ್ಟುಗಳನ್ನೂ ಪುಸ್ತಕದಲ್ಲಿ ತಪ್ಪದೆ ಬರೆಯಿಸತಕ್ಕದ್ದು.

ಸ್ವಂತ ತಳಿಯನ್ನು ಕಾಪಾಡಿಕೊಂಡು ಬಂದಿರುವ ರೈತರಿಗೆ ಇನ್ನೊಂದು ಕಾನೂನಿನ ಆಶ್ರಯವಿದೆ. 2001ನೆಯ ಇಸವಿಯ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾನೂನಿನ ಪ್ರಕಾರ, ರೈತನು ತನ್ನ ಬೆಳೆಯಿಂದ ಬೀಜವನ್ನು ತೆಗೆದಿಡಬಹುದು, ಮತ್ತೆ ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಮಾರಲೂಬಹುದು. ನೋಂದಾಯಿತ ತಳಿಯಾದರೆ ಅದರ ಮುದ್ರೆಯ ಹೆಸರನ್ನು ಹಾಕಿ ಮಾತ್ರ ಮಾರಕೂಡದು. 2019ರಲ್ಲಿ ಗುಜರಾತಿನ ಕೆಲವು ಆಲೂಗೆಡ್ಡೆ ಬೆಳೆಗಾರರ ಮೇಲೆ ಒಂದು ದೊಡ್ಡ ಕಂಪೆನಿಯವರು ತಲಾ ಒಂದು ಕೋಟಿ ರೂಪಾಯಿಗೂ ಮಿಕ್ಕಿದ ಪರಿಹಾರವನ್ನು ಕೇಳಿ ದಾವೆ ಹೂಡಿ, ರೈತರು ಈ ಕಾನೂನನ್ನೇ ಮುಂದಿಟ್ಟು ನಿಂತ ಮೇಲೆ ಅದೇ ವರ್ಷ ದಾವೆಯನ್ನು ವಾಪಸು ತೆಗೆದುಕೊಂಡರು. ರೈತರು ತಮ್ಮ ತಳಿಯನ್ನು ನೋಂದಾಯಿಸುವುದಕ್ಕೆ ಯಾವ ಶುಲ್ಕವನ್ನೂ ಕೊಡಬೇಕಾದ್ದಿಲ್ಲ. ಹೊಲದ ಬೆಳೆಗಳಿಗೆ 15 ವರ್ಷವೂ ಮರಗಳಿಗೂ ಬಳ್ಳಿಗಳಿಗೂ 18 ವರ್ಷವೂ ರಕ್ಷಣೆ ದೊರೆಯುತ್ತದೆ. ಅರ್ಜಿಯ ನಮೂನೆಗಾಗಿಯೂ ಬೀಜದ ಮಾದರಿಯನ್ನು ಕಳುಹಿಸುವ ಕ್ರಮಕ್ಕಾಗಿಯೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಬಹುದು. ಮಾದರಿಗಾಗಿ ತೆನೆಗಳನ್ನು ಆರಿಸುವುದು ಪೈರು ಹೊಲದಲ್ಲಿ ನಿಂತಿರುವಾಗಲೇ ಆಗಬೇಕು. ಕಣಕ್ಕೆ ಬಂದ ರಾಶಿಯಿಂದ ತೆಗೆದ ಬೀಜದಲ್ಲಿ ಬೆರಕೆ ಇಲ್ಲದಿರುವುದು ಅಪರೂಪ.